ಮುನ್ನೂರ ಹದಿನೆಂಟನೇ ನಂಬರಿನ ನೋಟ್‌ಬುಕ್ಕು

ನನ್ನನ್ನು ನಾನೇ ಹೊಗಳಿಕೊಳ್ಳಬಾರದು, ಒಪ್ಪಿದೆ. ಆದರೆ ಹನ್ನೊಂದು ವರ್ಷ ಕಾದರೂ ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರಲಿಲ್ಲವಾದ್ದರಿಂದ ನಾನೇ ಶುರುಮಾಡುತ್ತೇನೆ. ನಾನು ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೋಣೆಯ ಕ್ಲಾರ್ಕು. ಜನ ಬಸ್ಸಿನಲ್ಲಿ ಮರೆತು ಇಳಿದದ್ದೆಲ್ಲ ಕಂಡಕ್ಟರುಗಳ ಕೈದಾಟಿ ನನ್ನ ಕೌಂಟರಿಗೆ ಬರುತ್ತದೆ. ಕೊಡೆ, ಕನ್ನಡಕ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಮೇಲಿನ ಸಾಲಿನ ಹಲ್ಲಿನ ಸೆಟ್ಟು. ಒಂಟಿ ಚಪ್ಪಲಿ ಬಿಟ್ಟು ಇಳಿದವರು ಮನೆವರೆಗೆ ಹೇಗೆ ನಡೆದರು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಾನು ಬರುವ ಮುಂಚೆ ಈ ಕೋಣೆಯಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಯಾರು ಬಂದು "ನಂದೊಂದು ಕೊಡೆ, ಕಪ್ಪು ಬಣ್ಣದ್ದು" ಅಂದರೂ ಎತ್ತಿ ಕೊಡುತ್ತಿದ್ದರು. ಲೋಕದ ಕೊಡೆಗಳೆಲ್ಲ ಕಪ್ಪೇ ತಾನೇ? ಒಬ್ಬ ಮಹಾನುಭಾವ ಒಂದೇ ಮಳೆಗಾಲದಲ್ಲಿ ಒಂಬತ್ತು ಕೊಡೆ ಒಯ್ದ. ಆಗ ನಾನು ಒಂದು ನಿಯಮ ಮಾಡಿದೆ. ವಸ್ತು ಬೇಕಾದವರು ಕೌಂಟರಿನ ಮುಂದೆ ನಿಂತು, ಒಬ್ಬ ಸಾಕ್ಷಿಯ ಎದುರಿಗೆ, ಅದರ ಬಗ್ಗೆ ಕೇಳಿದ ಮೂರು ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳಬೇಕು. ಒಂದು ತಪ್ಪಿದರೂ ವಸ್ತು ಇಲ್ಲ. ಜೊತೆಗೆ ಇನ್ನೊಂದು: ಪುಸ್ತಕ, ಕಾಗದ ಏನೇ ಇರಲಿ, ಏಳು ದಿನದೊಳಗೆ ಯಾರೂ ಬರದಿದ್ದರೆ ಏಳನೇ ದಿನ ಸಂಜೆ ಐದಕ್ಕೆ ರದ್ದಿ ಮೂಟೆಗೆ. ಹಲ್ಲಿನ ಸೆಟ್ಟಿನ ಯಜಮಾನರು ಬೊಚ್ಚು ಬಾಯಲ್ಲಿ ಮೂರು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎರಡು ಬಸ್ಸು ಹೊರಟುಹೋದವು, ಆದರೂ ನಾನು ಬಿಡಲಿಲ್ಲ. ನಮ್ಮ ನಿಲ್ದಾಣದ ಮ್ಯಾನೇಜರು, ಅಂದರೆ ನಮ್ಮ ಸಾಹೇಬರು, ಅದನ್ನು ಬೋರ್ಡಿನಲ್ಲಿ ಬರೆಸಿ ಗೋಡೆಗೆ ಹೊಡೆಸಿದರು. ದಿನಾ ಬೆಳಿಗ್ಗೆ ಆ ಬೋರ್ಡಿನ ಧೂಳು ಒರೆಸುವುದು ನಾನೇ.

ನನ್ನ ಎದುರು ಮೇಜಿನಲ್ಲಿ ಕೂರುವ ಸಹೋದ್ಯೋಗಿಗೆ ಇಡೀ ನಿಲ್ದಾಣ ಇಟ್ಟ ಹೆಸರು ರಬ್ಬರ್ ಸ್ಟಾಂಪು. ನಿಯಮ ಮಾಡಿದವಳು ನಾನಾದರೂ ಅದನ್ನು ವೇದವಾಕ್ಯ ಅಂತ ನಂಬಿದವರು ಅವರು. ಒಮ್ಮೆ ಅವರ ಸ್ವಂತ ಊಟದ ಡಬ್ಬಿಯೇ ಬಸ್ಸಿನಲ್ಲಿ ಉಳಿದು ಕೌಂಟರಿಗೆ ಬಂದಿತ್ತು. ಅರ್ಜಿ ಬರೆದುಕೊಟ್ಟು, ಮೂರು ಪ್ರಶ್ನೆಗೆ ಉತ್ತರ ಹೇಳಿಯೇ ಊಟ ಮಾಡಿದರು ಆಸಾಮಿ.

ಇನ್ನು ನನ್ನ ಗುಟ್ಟಿನ ವಿಷಯ. ನಮ್ಮ ಕೋಣೆ ಮುಚ್ಚುವುದು ಐದೂವರೆಗೆ. ಮನೆಯಲ್ಲಿ ನಾನು ಹೇಳಿರುವುದು ಆರು ಗಂಟೆಗೆ ಅಂತ. ಇದನ್ನು ಸುಳ್ಳು ಅನ್ನುವವರು ಅನ್ನಲಿ, ನಾನು ತಿದ್ದುಪಡಿ ಅನ್ನುತ್ತೇನೆ. ನಮ್ಮ ಬಡಾವಣೆಗೆ ಹೋಗುವ ಹದಿನಾಲ್ಕನೇ ನಂಬರಿನ ಬಸ್ಸು ಐದೂವರೆಗೇ ಬಂದು ನಿಲ್ಲುತ್ತದೆ, ಹೊರಡುವುದು ಆರಕ್ಕೆ. ನಡುವೆ ಡ್ರೈವರು ಕಂಡಕ್ಟರು ಚಹಾಕ್ಕೆ ಹೋಗುತ್ತಾರೆ. ಆ ಖಾಲಿ ಬಸ್ಸಿನ ಕೊನೇ ಸೀಟಿನಲ್ಲಿ, ಕಿಟಕಿ ಪಕ್ಕ, ಅರ್ಧ ಗಂಟೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಯಾರ ಕ್ಲಾರ್ಕೂ ಅಲ್ಲ. ಚೀಲದಿಂದ ಹಸಿರು ರಟ್ಟಿನ ಪುಟ್ಟ ನೋಟ್‌ಬುಕ್ಕು ತೆಗೆದು ಆ ದಿನದ ಸುಖ ಒಂದನ್ನು ಬರೆಯುತ್ತೇನೆ. ದೊಡ್ಡ ಸುಖ ಬರೆಯಲು ಬೇಕಾದಷ್ಟು ಜನ ಇದ್ದಾರೆ, ನಂದು ಚಿಲ್ಲರೆ ವ್ಯಾಪಾರ. ಏಳು ತಿಂಗಳಿನಲ್ಲಿ ನೂರ ಎಪ್ಪತ್ತು ಸುಖ ಕೂಡಿಬಿದ್ದಿದ್ದವು. ಯಾರ ಹೆಸರನ್ನೂ ಬರೆದವಳಲ್ಲ. ಬರೀ 'ಇವರು', 'ಅತ್ತೆ', 'ಸಾಹೇಬರು', ಅಷ್ಟೇ.

ಆ ಶನಿವಾರ ಬಸ್ಸಿನಲ್ಲಿ ನನಗೆ ಜೋಂಪು ಹತ್ತಿತು. ನಮ್ಮ ಸ್ಟಾಪು ಬಂದಾಗ ದಡಬಡಿಸಿ ಇಳಿದೆ. ನಾನು ಇಳಿದೆ, ನೋಟ್‌ಬುಕ್ಕು ಇಳಿಯಲಿಲ್ಲ.

ಸೋಮವಾರ ಕೋಣೆಗೆ ಕಾಲಿಡುತ್ತಲೇ ರಬ್ಬರ್ ಸ್ಟಾಂಪು ಹೇಳಿದರು, "ಮೇಡಂ, ನಿನ್ನೆ ಭಾನುವಾರದ ಡ್ಯೂಟಿಯಲ್ಲಿ ಒಂದು ವಿಶೇಷ ವಸ್ತು ಬಂತು. ನಂಬರ್ ಮುನ್ನೂರ ಹದಿನೆಂಟು. ಹಸಿರು ನೋಟ್‌ಬುಕ್ಕು. ಯಾವುದೋ ಹೆಂಗಸಿನದು. ಶುದ್ಧ ತಲೆಹರಟೆ."

ಆ ಹೆಂಗಸು ನಾನೇ. ಆದರೆ ಮುಖ ನನ್ನದು, ಹೇಳಿದ ಮಾತು ಕೇಳುತ್ತದೆ. "ಹೌದಾ? ಎಲ್ಲಿ, ಕೊಡಿ ನೋಡೋಣ" ಅಂದೆ.

"ಸಾಹೇಬರ ಡ್ರಾಯರಿನಲ್ಲಿದೆ. ಬೀಗ ಹಾಕಿ ಇಟ್ಟುಕೊಂಡಿದ್ದಾರೆ. ನಿನ್ನೆಯಿಂದ ಓದುತ್ತಾ ಇದ್ದಾರೆ, ಇನ್ನೂ ಮುಗಿದಿಲ್ಲ."

ಅಕ್ಷರ ನೋಡಿ ಕಂಡುಹಿಡಿದುಬಿಟ್ಟರೆ ಅನ್ನುವ ಭಯ ನನಗಿರಲಿಲ್ಲ. ನಾಲ್ಕು ವರ್ಷದಿಂದ ನಮ್ಮ ರಿಜಿಸ್ಟರು ಕಂಪ್ಯೂಟರಿನಲ್ಲಿದೆ. ನನ್ನ ಕೈಬರಹ ಅಂತ ಆಫೀಸಿನಲ್ಲಿ ಉಳಿದಿರುವುದು ಸಹಿ ಒಂದೇ, ಅದು ಯಾವ ಭಾಷೆಯ ಅಕ್ಷರವನ್ನೂ ಹೋಲುವುದಿಲ್ಲ. ನನ್ನ ಭಯವೇ ಬೇರೆ. 'ನಂದು' ಅಂತ ಬಾಯಿಬಿಟ್ಟರೆ ಕೌಂಟರಿನ ಮುಂದೆ ನಿಂತು ಎಲ್ಲರೆದುರು ಗಟ್ಟಿಯಾಗಿ ಮೂರು ಉತ್ತರ ಹೇಳಬೇಕು. ಬಿಡದಿದ್ದರೆ ಬರುವ ಶನಿವಾರ ಸಂಜೆ ಐದಕ್ಕೆ ಏಳು ತಿಂಗಳ ಸುಖವೆಲ್ಲ ರದ್ದಿ ಮೂಟೆಗೆ. ತಾನೇ ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಅಂತಾರಲ್ಲ, ನಾನು ಹಳ್ಳ ತೋಡಿದ್ದಷ್ಟೇ ಅಲ್ಲ, ಅದಕ್ಕೆ ಬೋರ್ಡೂ ಹಾಕಿಸಿದ್ದೆ.

ಅಷ್ಟರಲ್ಲಿ ಸಾಹೇಬರು ಮುತುವರ್ಜಿ ವಹಿಸಿದರು. ಸಾಹೇಬರ ಮುತುವರ್ಜಿಯಿಂದ ಇಲ್ಲಿಯವರೆಗೆ ಯಾರಿಗೂ ಒಳ್ಳೆಯದಾದ ದಾಖಲೆ ಇಲ್ಲ. "ಪಾಪ, ಯಾರದೋ ಏನೋ. ಯಜಮಾನಿ ಬೇಗ ಸಿಗಲಿ" ಅಂತ ನೋಟ್‌ಬುಕ್ಕಿನಿಂದ ಮೂರು ತುಣುಕು ಆರಿಸಿ, ಟೈಪು ಮಾಡಿಸಿ, ನೋಟೀಸು ಬೋರ್ಡಿಗೆ ಹಾಕಿಸಿದರು. 'ಇದು ಯಾರದು?' ಅಂತ ಮೇಲೆ ದಪ್ಪಕ್ಷರ. ಕೆಳಗೆ ಹೀಗಿತ್ತು:

'ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಕಾಲು ಚಾಚಿದೆ. ಮೇಜಿನ ಮೇಲೆ ಮುಖ ಗಂಭೀರ. ಯಾರಿಗೂ ಗೊತ್ತಾಗಲಿಲ್ಲ. ಸುಖ.'

'ಇವರ ಗೊರಕೆ ಅಂದರೆ ಹಳೇ ಬಸ್ಸು ಏರು ಹತ್ತಿದ ಹಾಗೆ. ನಡುವೆ ಒಮ್ಮೆ ಗೇರು ಬದಲಾಯಿಸುತ್ತಾರೆ. ಆಗ ಒಂದು ಕ್ಷಣ ನಿಶ್ಶಬ್ದ. ಸುಖ.'

'ಅತ್ತೆ ಮಗಳ ಮನೆಗೆ ಹೋದರು. ಹಾಲಿನ ಕೆನೆ ಪೂರ್ತಿ ನನಗೆ. ನಿಂತುಕೊಂಡೇ ತಿಂದೆ. ಸುಖ.'

ಮಧ್ಯಾಹ್ನದೊಳಗೆ ನಿಲ್ದಾಣದ ಅರ್ಧ ಜನ ಅದರ ಫೋಟೋ ಹೊಡೆದುಕೊಂಡಿದ್ದರು. ಸಂಜೆಯೊಳಗೆ ಅದು ಊರಿನ ಫೋನುಗಳಲ್ಲೆಲ್ಲ ಓಡಾಡಿ, ನನಗಿಂತ ಮುಂಚೆ ನಮ್ಮ ಮನೆ ತಲುಪಿತ್ತು.

ಇವರು, ಅಂದರೆ ನನ್ನ ಗಂಡ, ಊಟದ ಮೇಜಿನಲ್ಲಿ ಫೋನು ಹಿಡಿದು ಬಿದ್ದು ಬಿದ್ದು ನಗುತ್ತಿದ್ದರು. "ಕೇಳೇ ಇಲ್ಲಿ, ನಿಮ್ಮ ಬಸ್ ಸ್ಟ್ಯಾಂಡಿಂದಂತೆ! ಗೇರು ಬದಲಾಯಿಸ್ತಾನಂತೆ! ಪಾಪ, ಅದೆಂಥ ಗಂಡನ್ನ ಕಟ್ಕೊಂಡಿದ್ದಾಳೋ ಪುಣ್ಯಾತ್ಗಿತ್ತಿ. ದಿನಾ ಪಕ್ಕದಲ್ಲಿ ಹೇಗೆ ಮಲಗ್ತಾಳೋ!"

"ಅಭ್ಯಾಸ ಆಗಿರುತ್ತೆ ಬಿಡಿ" ಅಂದೆ.

ಅತ್ತೆ ಕನ್ನಡಕ ಏರಿಸಿ ಫೋನು ಇಸಿದುಕೊಂಡು ಕೆನೆಯ ತುಣುಕನ್ನು ಎರಡು ಸಲ ಓದಿದರು. ನಾನು ತಟ್ಟೆ ನೋಡುತ್ತಾ ಕೂತೆ. ಅತ್ತೆ ಎರಡು ತಿಂಗಳ ಹಿಂದೆ ಮಗಳ ಮನೆಗೆ ಹೋಗಿ ಬಂದವರು.

"ನಂಗೊತ್ತಾಯ್ತು ಇದು ಯಾರದು ಅಂತ" ಅಂದರು ಅತ್ತೆ.

ನಾನು ಅನ್ನಕ್ಕೆ ಇನ್ನೊಂದು ಸಲ ಸಾರು ಹಾಕಿಕೊಂಡೆ.

"ಎದುರು ಮನೆ ಸೊಸೇದು! ಅವರತ್ತೆ ಹೋದ ತಿಂಗಳು ಮಗಳ ಮನೆಗೆ ಹೋಗಿರ್ಲಿಲ್ವಾ? ಆ ಹುಡುಗಿ ಮುಖ ನೋಡಿದ್ರೇ ಗೊತ್ತಾಗುತ್ತೆ, ಕೆನೆ ತಿಂದ ಮುಖ."

"ಅಮ್ಮಾ, ನೀನೂ ಹೋಗಿದ್ಯಲ್ಲ ಅಕ್ಕನ ಮನೆಗೆ" ಅಂದರು ಇವರು. ಬೇಕಿತ್ತಾ ಈ ಮನುಷ್ಯನಿಗೆ?

"ನಮ್ಮನೇಲಿ ಕೆನೆ ಎಲ್ಲಿ ಉಳಿಯುತ್ತೋ? ಹೊರಡೋ ಮುಂಚೆ ನಾನೇ ತಿಂದಿರ್ತೀನಿ" ಅಂದರು ಅತ್ತೆ. "ಅದೂ ಅಲ್ಲದೆ ನನ್ನ ಸೊಸೆ ಅಂಥವಳಲ್ಲ. ಇದ್ದದ್ದನ್ನ ಇದ್ದ ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳೋಳು. ಕದ್ದು ಮುಚ್ಚಿ ಬರೆಯೋ ಬುದ್ಧಿ ಅವಳಿಗಿಲ್ಲ."

ಇಂಥ ಹೊಗಳಿಕೆ ಮದುವೆಯಾದ ಹದಿನೈದು ವರ್ಷದಲ್ಲಿ ಮೊದಲನೇ ಸಲ ಸಿಕ್ಕಿತ್ತು. ಅದನ್ನು ಇಟ್ಟುಕೊಳ್ಳುವ ಹಾಗೂ ಇರಲಿಲ್ಲ, ವಾಪಸು ಕೊಡುವ ಹಾಗೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಸಾಹೇಬರು ಆಫೀಸಿಗೆ ಬಂದಾಗ ಅವರ ಮೀಸೆಯಲ್ಲಿ ಏನೋ ವ್ಯತ್ಯಾಸ ಕಾಣಿಸಿತು. ನನಗೆ ತಕ್ಷಣ ಅರ್ಥವಾಯಿತು. ಅವರು ಹದಿನಾರನೇ ಪುಟಕ್ಕೆ ಬಂದಿದ್ದಾರೆ. ಆ ಪುಟದಲ್ಲಿ ನಾನು ಹೀಗೆ ಬರೆದಿದ್ದೆ: 'ಮೀಟಿಂಗಿನಲ್ಲಿ ಸಾಹೇಬರ ಮೀಸೆಯ ಎಡಗಡೆ ದೊಡ್ಡದೋ ಬಲಗಡೆಯೋ ಅಂತ ಕಣ್ಣಲ್ಲೇ ಅಳೆದೆ. ಎಡಗಡೆ ಗೆದ್ದಿತು. ಸುಖ.' ಈಗ ಸಾಹೇಬರು ಎಡಗಡೆ ಕತ್ತರಿಸಿದ್ದರು. ಕತ್ತರಿ ಒಂಚೂರು ಮುಂದೆ ಹೋಗಿ ಬಲಗಡೆ ದೊಡ್ಡದಾಗಿತ್ತು. ಬುಧವಾರ ಬಲಗಡೆ ಕತ್ತರಿಸಿಕೊಂಡು ಬಂದರು. ಈಗ ಎಡಗಡೆ ಮತ್ತೆ ಮುಂದು.

ಗುರುವಾರ ನಾನು ಧೈರ್ಯ ಮಾಡಿದೆ. ಸಾಹೇಬರು ವರ್ಕ್‌ಶಾಪಿನ ಕಡೆ ಹೋದದ್ದು ನೋಡಿ, ಕೈಯಲ್ಲೊಂದು ಫೈಲು ಹಿಡಿದು ಅವರ ರೂಮಿಗೆ ನುಗ್ಗಿದೆ. ಡ್ರಾಯರಿನಲ್ಲಿ ಬೀಗದ ಕೈ ನೇತಾಡುತ್ತಿತ್ತು. ಕೈ ಹಾಕಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಏನಮ್ಮಾ, ನನ್ನ ಡ್ರಾಯರಿನಲ್ಲಿ ಏನು ಹುಡುಕ್ತಾ ಇದ್ದೀರಿ?"

"ಗುಂಡುಪಿನ್ನು ಸಾರ್" ಅಂದೆ. ನನ್ನ ಮೇಜಿನ ಮೇಲೆ ಗುಂಡುಪಿನ್ನಿನ ಮೂರು ಡಬ್ಬಿ ಇವೆ, ಇಡೀ ನಿಲ್ದಾಣ ನನ್ನ ಹತ್ತಿರವೇ ಈಸಿಕೊಂಡು ಹೋಗುತ್ತದೆ.

ಸಾಹೇಬರು ಬಾಗಿಲು ಮುಂದೆ ಮಾಡಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವರು ಹತ್ತಿರ ಬಂದು ದನಿ ಇಳಿಸಿ, "ನೀವು ಅನುಭವಸ್ಥರು. ವಸ್ತು ನೋಡಿ ಅಳೆಯೋ ಕಣ್ಣು ನಿಮಗಿದೆ. ಸ್ವಲ್ಪ ನಿಜ ಹೇಳಿ. ಎರಡೂ ಕಡೆ ಸಮ ಇದೆಯಾ?" ಅಂತ ಕಿಟಕಿ ಬೆಳಕಿಗೆ ಮುಖ ಒಡ್ಡಿ ನಿಂತರು.

ನಾನು ನೋಡಿದೆ. ಕಳ್ಳಿಯಾದರೂ ನಾನು ಪ್ರಾಮಾಣಿಕಳು. "ಬಲಗಡೆ ಒಂದು ಕೂದಲೆಳೆ ಜಾಸ್ತಿ ಇದೆ ಸಾರ್" ಅಂದೆ.

"ಈ ನೋಟ್‌ಬುಕ್ಕಿನ ಸಾಹೇಬ ನಾನಲ್ಲ, ಅದು ಬೇರೆ ಮಾತು. ಯಾವುದೋ ಆಫೀಸಿನ ಪಾಪದವನು. ಆದ್ರೂ ಮನುಷ್ಯ ಎಚ್ಚರವಾಗಿರಬೇಕು ನೋಡಿ" ಅಂದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಹೋಗುವಾಗ ಒಂದು ಹಿಡಿ ಗುಂಡುಪಿನ್ನು ಕೊಟ್ಟರು.

ಇತ್ತ ನಮ್ಮ ಬೀದಿಯಲ್ಲಿ ಯುದ್ಧ ಶುರುವಾಗಿತ್ತು. ಎದುರು ಮನೆಯ ಅತ್ತೆಗೂ ಆ ನೋಟೀಸು ತಲುಪಿತ್ತು. ಅದು ನಮ್ಮ ಮನೆಯ ಸೊಸೆಯದೇ ಅಂತ ಅವರು ಅಷ್ಟೇ ಖಡಾಖಂಡಿತವಾಗಿ ಹೇಳುತ್ತಿದ್ದರಂತೆ. ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಮಾಡುವವಳು ಬೇರೆ! ಈ ಮಾತು ನಮ್ಮತ್ತೆಯ ಕಿವಿಗೆ ಬಿದ್ದದ್ದೇ ತಡ, ಗೇಟಿನ ಹತ್ತಿರ ನಿಂತು ಶುರುಮಾಡಿದರು.

"ಏನ್ರೀ, ನನ್ನ ಸೊಸೆ ಹಾಲಿನ ಪಾತ್ರೆಗೆ ಬಾಯಿ ಹಾಕೋಳಾ? ಹನ್ನೊಂದು ವರ್ಷದಿಂದ ಊರೋರ ಸಾಮಾನು ಕಾಯ್ತಾ ಇದ್ದಾಳೆ, ಒಂದು ಗುಂಡುಪಿನ್ನು ಮುಟ್ಟಿಲ್ಲ!"

ಕಿಟಕಿಯೊಳಗೆ ನಿಂತು ಕೇಳುತ್ತಿದ್ದ ನನಗೆ ಚೀಲದೊಳಗಿನ ಸಾಹೇಬರ ಗುಂಡುಪಿನ್ನು ಚುಚ್ಚಿತು.

"ಹಾಗಾದ್ರೆ ಶನಿವಾರ ಬನ್ನಿ ಬಸ್ ಸ್ಟ್ಯಾಂಡಿಗೆ. ನೋಟ್‌ಬುಕ್ಕು ಬಿಚ್ಚಿಸಿ ನೋಡೇಬಿಡೋಣ" ಅಂದರು ಎದುರು ಮನೆಯವರು.

"ಬರ್ತೀನ್ರೀ! ನನಗೇನು ಭಯ? ಮಡಿಲಲ್ಲಿ ಕೆಂಡ ಕಟ್ಕೊಂಡಿರೋರು ನೀವು!" ಅಂದರು ನಮ್ಮತ್ತೆ. ಒಳಗೆ ಬಂದು ನನ್ನ ಭುಜ ತಟ್ಟಿ, "ನೀನು ತಲೆ ಕೆಡಿಸ್ಕೋಬೇಡ. ನಾನಿದ್ದೀನಿ" ಅಂದರು. ನನಗೆ ಅಳುವೇ ಬಂತು. ಅತ್ತೆ ಅದನ್ನು ಬೇರೆ ಥರ ಅರ್ಥ ಮಾಡಿಕೊಂಡು ಇನ್ನೊಂದು ಸಲ ಗೇಟಿಗೆ ಹೋಗಿ ಬೈದು ಬಂದರು.

ಶನಿವಾರ ನಾಲ್ಕೂವರೆಗೆಲ್ಲ ಕೌಂಟರಿನ ಮುಂದೆ ಜಾತ್ರೆ ನೆರೆದ ಹಾಗಿತ್ತು. ಟಿಕೆಟ್ ಕೌಂಟರಿನವಳು ಕಿಟಕಿ ಮುಚ್ಚಿ ಬಂದಿದ್ದಳು. ಕಂಡಕ್ಟರುಗಳು ಬೆಂಚು ಹತ್ತಿ ನಿಂತಿದ್ದರು. ಸಾಹೇಬರು ನೋಟ್‌ಬುಕ್ಕು ಹಿಡಿದು ಬಂದಾಗ ಗುಂಪೆಲ್ಲ ಅವರ ಮುಖ ನೋಡಿತು. ಅವರ ಮೂಗಿನ ಕೆಳಗೆ ಏನೂ ಉಳಿದಿರಲಿಲ್ಲ. ಎರಡೂ ಕಡೆ ಸಮ.

ನಮ್ಮತ್ತೆ ಮುಂದಿನ ಸಾಲಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಪಕ್ಕದಲ್ಲಿ ಎದುರು ಮನೆಯವರು, ಅವರ ಹಿಂದೆ ಅವರ ಸೊಸೆ. ಆ ಹುಡುಗಿ ಮಾಡದ ತಪ್ಪಿಗೆ ಒಂದು ವಾರದಿಂದ ಬೀದಿಯವರಿಂದ, ಮನೆಯಲ್ಲಿ ತನ್ನ ಅತ್ತೆಯಿಂದಲೂ ಮಾತು ಕೇಳಿ ಕೇಳಿ ಸೊರಗಿದ್ದಳು.

ಮೊದಲು ಒಬ್ಬ ನಿವೃತ್ತ ಮೇಷ್ಟ್ರು ಮುಂದೆ ಬಂದು, "ನೋಟ್‌ಬುಕ್ಕು ನಂದು" ಅಂದರು. ಅವರು ನಮ್ಮ ಖಾಯಂ ಗಿರಾಕಿ. ಮೂವತ್ತು ವರ್ಷ ಪ್ರಶ್ನೆ ಕೇಳಿದವರಿಗೆ ಈಗ ಯಾರಾದರೂ ಪ್ರಶ್ನೆ ಕೇಳಿದರೆ ಆನಂದ.

ರಬ್ಬರ್ ಸ್ಟಾಂಪು ಗಂಟಲು ಸರಿಮಾಡಿಕೊಂಡರು. "ಮೊದಲನೇ ಪುಟದಲ್ಲಿ ಏನು ಬರೆದಿದೆ?"

"ವಿಷಯ ಸೂಚಿಕೆ" ಅಂದರು ಮೇಷ್ಟ್ರು.

"ತಪ್ಪು. ಮುಂದಿನವರು?"

ಮುಂದಿನವರು ಯಾರೂ ಬರಲಿಲ್ಲ. ಐದಕ್ಕೆ ಎರಡು ನಿಮಿಷ ಇತ್ತು. ರಬ್ಬರ್ ಸ್ಟಾಂಪು ಗೋಡೆ ಗಡಿಯಾರ ನೋಡಿ, ಮೂಲೆಯಿಂದ ರದ್ದಿ ಮೂಟೆ ಎಳೆದು ಬಾಯಿ ಬಿಡಿಸಿದರು.

"ಹಾಕಿ ಹಾಕಿ, ಒಳ್ಳೇದಾಯ್ತು" ಅಂದರು ಎದುರು ಮನೆಯವರು. ಆಮೇಲೆ ಸೊಸೆಯ ಕಡೆ ತಿರುಗಿ, "ನೋಡ್ದಾ, ನಿನ್ನ ಮಾನ ಹೋಗಬಾರದು ಅಂತ ದೇವರೇ ಮಾಡಿದ್ದು" ಅಂದರು. ಆ ಹುಡುಗಿಯ ಕಣ್ಣು ತುಂಬಿತು.

ಅಷ್ಟು ಹೊತ್ತು ನಾನು ನೋಡುತ್ತಿದ್ದದ್ದು ನೋಟ್‌ಬುಕ್ಕನ್ನು ಮಾತ್ರ. ಈಗ ಆ ಹುಡುಗಿಯನ್ನೂ ನೋಡಿದೆ. ನೂರ ಎಪ್ಪತ್ತು ಸುಖ ನನಗೆ, ಬೈಗುಳ ಮಾತ್ರ ಅವಳಿಗೆ ಅಂದರೆ ಯಾವ ನ್ಯಾಯ? ಕೌಂಟರಿನ ಒಳಗಿದ್ದವಳು ಎದ್ದು, ಹಲಗೆ ಎತ್ತಿ, ಹೊರಗೆ ಬಂದು ಜನರ ಕಡೆ ನಿಂತೆ.

"ನಂದು" ಅಂದೆ.

ನಮ್ಮತ್ತೆ, "ಏನು ನಿಂದು?" ಅಂದರು.

"ನೋಟ್‌ಬುಕ್ಕು ಅತ್ತೆ. ಕೆನೆನೂ."

ರಬ್ಬರ್ ಸ್ಟಾಂಪು ಹುಬ್ಬು ಕೂಡ ಏರಿಸಲಿಲ್ಲ. ಅರ್ಜಿ ನಮೂನೆ ಮುಂದೆ ತಳ್ಳಿ, "ಪ್ರಶ್ನೆ ಒಂದು. ಮೊದಲನೇ ಪುಟದಲ್ಲಿ ಏನು ಬರೆದಿದೆ?" ಅಂದರು.

"ಏನೂ ಬರೆದಿಲ್ಲ. ಹೊಸ ನೋಟ್‌ಬುಕ್ಕಿನ ಮೊದಲನೇ ಪುಟ ಖಾಲಿ ಬಿಡೋದೂ ಒಂದು ಸುಖ."

"ಸರಿ. ಪ್ರಶ್ನೆ ಎರಡು. ಪುಟ ಹದಿನಾರರಲ್ಲಿ ಪ್ರಸ್ತಾಪಿಸಿದ ಮೀಸೆ ಯಾರದು, ಯಾವ ಕಡೆ ಗೆದ್ದಿತು?"

"ಆ ಪ್ರಶ್ನೆ ಬೇಡಪ್ಪಾ" ಅಂದರು ಸಾಹೇಬರು.

"ರಿಜಿಸ್ಟರಿನಲ್ಲಿ ಬರೆದಾಗಿದೆ ಸಾರ್. ಹೊಡೆದುಹಾಕಕ್ಕೆ ಬರಲ್ಲ."

"ನಮ್ಮ ಸಾಹೇಬರದು. ಎಡಗಡೆ" ಅಂದೆ ಗಟ್ಟಿಯಾಗಿ. ಬೆಂಚಿನ ಮೇಲಿನ ಕಂಡಕ್ಟರೊಬ್ಬ ನಗು ತಡೆಯಲಾಗದೆ ಕೆಳಗೆ ಬಿದ್ದ. ಸಾಹೇಬರು ಖಾಲಿ ಜಾಗ ಸವರಿಕೊಂಡು, "ಒಂದು ಮಾತು ಮುಂಚೆ ಹೇಳಿದ್ರೆ ಉಳೀತಿತ್ತಲ್ಲಮ್ಮಾ" ಅಂದರು. ಅವರ ದನಿಯಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚಿತ್ತು.

"ಪ್ರಶ್ನೆ ಮೂರು. ಈ ನೋಟ್‌ಬುಕ್ಕು ಬರೆಯುವುದು ದಿನಾ ಎಷ್ಟು ಗಂಟೆಗೆ, ಎಲ್ಲಿ ಕೂತು?"

ಇದೇ ಬೇಡವಾಗಿತ್ತು ನನಗೆ. ಗೊರಕೆ ಹೋಗಲಿ, ಕೆನೆ ಹೋಗಲಿ, ಮೀಸೆಯಂತೂ ಹೋಗಿಯೇ ಬಿಟ್ಟಿತ್ತು. ನನ್ನ ಅರ್ಧ ಗಂಟೆ ಹೋದರೆ ಏನು ಉಳಿಯಿತು? ಅತ್ತೆ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳಿದರೆ ನೋಟ್‌ಬುಕ್ಕು ಮೂಟೆಗೆ. ನಿಜ ಹೇಳಿದರೆ ನೋಟ್‌ಬುಕ್ಕು ಕೈಗೆ, ಬರೆಯುವ ಹೊತ್ತು ಮೂಟೆಗೆ.

"ಐದೂವರೆಯಿಂದ ಆರು" ಅಂದೆ. "ಹದಿನಾಲ್ಕನೇ ನಂಬರಿನ ಬಸ್ಸಲ್ಲಿ. ಕೊನೇ ಸೀಟು, ಕಿಟಕಿ ಪಕ್ಕ. ಒಬ್ಬಳೇ. ಆ ಹೊತ್ತಲ್ಲಿ ನಾನು ಯಾರಿಗೂ ಏನೂ ಆಗಬೇಕಾಗಿಲ್ಲ, ಅದಕ್ಕೇ."

"ಮೂರೂ ಸರಿ" ಅಂದು ರಬ್ಬರ್ ಸ್ಟಾಂಪು ಠಪ್ಪನೆ ಮುದ್ರೆ ಒತ್ತಿದರು.

"ನೋಡಿದ್ರೇನ್ರೀ!" ಅಂತ ಎದುರು ಮನೆಯವರು ಚಪ್ಪಾಳೆ ತಟ್ಟಿದರು. "ನಿಮ್ಮ ಸೊಸೆ ಘನಂದಾರಿ! ಆರು ಗಂಟೆಗೆ ಆಫೀಸು ಬಿಡುತ್ತೆ ಅಂತ ಮನೇಲಿ, ಬಸ್ಸಲ್ಲಿ ಕೂತು ಅತ್ತೆ ಮೇಲೆ ಬರೆಯೋದು ಇಲ್ಲಿ!"

ಅತ್ತೆ ಅವರ ಕಡೆ ತಿರುಗಿದರು. "ತಿಂದವಳು ನನ್ನ ಸೊಸೆ, ತಿಂದಿದ್ದು ನನ್ನ ಮನೆ ಕೆನೆ. ನಿಮಗ್ಯಾಕ್ರೀ ಹೊಟ್ಟೆನೋವು? ಮೊದಲು ನಿಮ್ಮ ಸೊಸೆ ಹತ್ರ ತಪ್ಪಾಯ್ತು ಅನ್ನಿ." ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡು ತಲೆ ತಗ್ಗಿಸಿದೆ. ಅತ್ತೆಯ ದನಿ ಸಣ್ಣಗಾಗಿತ್ತು.

"ನಾನು ಊರಲ್ಲಿ ಇಲ್ದೇ ಇದ್ದ ದಿನ ಸುಖ ಅಂತ ಬರೆದೆ. ಆಯ್ತು. ನಾನು ಮನೇಲಿ ಇದ್ದ ದಿನದ್ದು ಒಂದೂ ಇಲ್ವೇನೇ ಅದರಲ್ಲಿ?"

"ಇದೆ ಅತ್ತೆ. ಪುಟ ಅರವತ್ತೆರಡು."

"ಇದು ನಾಲ್ಕನೇ ಪ್ರಶ್ನೆ. ನಿಯಮದಲ್ಲಿ ಇಲ್ಲ" ಅಂದರು ರಬ್ಬರ್ ಸ್ಟಾಂಪು.

"ಓದಪ್ಪ" ಅಂದರು ಅತ್ತೆ.

ರಬ್ಬರ್ ಸ್ಟಾಂಪು ಅತ್ತೆಯ ಮುಖ ನೋಡಿದರು, ಗೋಡೆಯ ಬೋರ್ಡು ನೋಡಿದರು, ಮತ್ತೆ ಅತ್ತೆಯ ಮುಖ ನೋಡಿದರು. ಆಮೇಲೆ ಪುಟ ತಿರುವಿ ಓದಿದರು. 'ಜ್ವರ, ರಜೆ ಹಾಕಿದೆ. ಅತ್ತೆ ನನ್ನ ರೂಮಿನ ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಇವರು ಬಂದು ಅಂಗಿ ಎಲ್ಲಿದೆ ಅಂತ ಕೇಳಿದಾಗ, ಇವತ್ತು ಅವಳು ಯಾರಿಗೂ ಸಿಗಲ್ಲ, ಅಂಗಿ ಸಿಗದಿದ್ದರೆ ಬನಿಯನ್ನಿನಲ್ಲೇ ಹೋಗು ಅಂದರು. ಬಾಗಿಲ ಸಂದಿಯಲ್ಲಿ ಅವರ ಬೆನ್ನು ನೋಡುತ್ತಾ ಮಲಗಿದ್ದೆ. ಮಹಾ ಸುಖ.'

"ಮಹಾ ಅಂತ ಇರೋದು ಇದೊಂದೇ ಪುಟದಲ್ಲಿ" ಅಂತ ರಬ್ಬರ್ ಸ್ಟಾಂಪು ತಾವಾಗಿಯೇ ಸೇರಿಸಿದರು.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಕನ್ನಡಕ ಚೆನ್ನಾಗಿಯೇ ಇತ್ತು. "ಎಲ್ಲಿ ಸಹಿ ಹಾಕ್ಬೇಕು? ಸಾಕ್ಷಿ ಬೇಕಂತಲ್ಲ" ಅಂದರು.

"ಇಲ್ಲಿ. ಅರ್ಜಿದಾರರಿಗೂ ನಿಮಗೂ ಸಂಬಂಧ?"

"ಕೆನೆ ತಿಂದವಳ ಅತ್ತೆ ಅಂತ ಬರ್ಕೋ."

ರಬ್ಬರ್ ಸ್ಟಾಂಪು ಹಾಗೆಯೇ ಬರೆದುಕೊಂಡರು. ನೋಟ್‌ಬುಕ್ಕು ಕೈಗೆ ಕೊಡುವಾಗ ಮೆಲ್ಲಗೆ ಅಂದರು, "ನಿಮ್ಮದೇ ಅಂತ ನನಗೆ ಭಾನುವಾರವೇ ಗೊತ್ತಿತ್ತು ಮೇಡಂ. ಪುಟ ಒಂಬತ್ತರಲ್ಲಿ ನಾನಿದ್ದೀನಿ."

"ಮತ್ತೆ ಸುಮ್ಮನೆ ಕೊಟ್ಟುಬಿಡಬಾರದಿತ್ತಾ ಮಾರಾಯರೇ?"

"ಅರ್ಜಿ ಬಂದಿರ್ಲಿಲ್ಲವಲ್ಲ" ಅಂದರು ಅವರು.

ಭಾನುವಾರ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಇವರು ಮಾತ್ರ ಮಧ್ಯಾಹ್ನ ಮಲಗಲು ಹೆದರಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸೋಮವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅತ್ತೆ ಅಂದರು, "ಐದೂವರೆಗೆ ಬಿಡುತ್ತೆ ಅಲ್ವಾ ಆಫೀಸು? ಗೊತ್ತಾಯ್ತಲ್ಲ ಈಗ." ಅಷ್ಟೇ. ಮುಗಿಯಿತು ನನ್ನ ಅರ್ಧ ಗಂಟೆ ಅಂತ ದಿನವಿಡೀ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದೆ. ಒಬ್ಬರ ಕನ್ನಡಕಕ್ಕೆ ಮೂರರ ಬದಲು ಐದು ಪ್ರಶ್ನೆ ಕೇಳಿದೆ.

ಸಂಜೆ ಐದೂವರೆಗೆ, ಕಡೇ ಸಲ ಒಮ್ಮೆ ಕೂತು ಬರೋಣ ಅಂತ ಹದಿನಾಲ್ಕನೇ ನಂಬರಿನ ಬಸ್ಸು ಹತ್ತಿದೆ. ಹತ್ತಿದವಳು ಮೆಟ್ಟಿಲಲ್ಲೇ ನಿಂತೆ. ಕಿಟಕಿ ಪಕ್ಕದ ಸೀಟುಗಳೆಲ್ಲ ತುಂಬಿದ್ದವು. ಒಂದೊಂದು ಸೀಟಿಗೆ ಒಬ್ಬೊಬ್ಬಳೇ ಹೆಂಗಸು. ಟಿಕೆಟ್ ಕೌಂಟರಿನವಳು ಚಪ್ಪಲಿ ಬಿಟ್ಟು ಕಾಲು ಚಾಚಿದ್ದಳು. ಕಸ ಗುಡಿಸುವ ಅಕ್ಕ ಪೊರಕೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಕಣ್ಣು ಮುಚ್ಚಿದ್ದಳು. ಎದುರು ಮನೆಯ ಸೊಸೆ ಹೊಸ ನೋಟ್‌ಬುಕ್ಕು ತೆರೆದು, ಏನು ಬರೆಯುವುದು ಅಂತ ಪೆನ್ನು ಕಚ್ಚುತ್ತಿದ್ದಳು. ಒಬ್ಬರೂ ಮಾತಾಡುತ್ತಿರಲಿಲ್ಲ. ಚಹಾ ಕುಡಿದು ಬಂದ ಕಂಡಕ್ಟರು ಇಣುಕಿ ನೋಡಿ, "ಆರಕ್ಕೆ ಹೊರಡೋ ಬಸ್ಸಿಗೆ ಐದೂವರೆಗೇ ಇಷ್ಟು ಜನ! ಏನು ಕಾಲ ಬಂತಪ್ಪಾ" ಅಂದು ಹೆದರಿ ಇನ್ನೊಂದು ಚಹಾಕ್ಕೆ ಹೋದ.

ನನ್ನ ಕೊನೇ ಸೀಟಿನಲ್ಲಿ ಅತ್ತೆ ಕೂತಿದ್ದರು.

"ಎಷ್ಟು ಹೊತ್ತೇ ಬರೋದು?" ಅಂತ ಪಿಸುಗುಟ್ಟಿದರು. "ಐದು ಗಂಟೆಯಿಂದ ಈ ಬಸ್ಸು ಬರೋದೇ ಕಾಯ್ಕೊಂಡು, ಓಡಿ ಬಂದು ಸೀಟು ಹಿಡಿದಿದ್ದೀನಿ. ಮೂರು ಜನ ಬಂದು ಕೇಳಿದ್ರು. ಇದು ನನ್ನ ಸೊಸೆದು, ಏಳಲ್ಲ ಅಂದೆ. ಬಾ, ಕೂತ್ಕೋ."

"ನೀವು?" ಅಂದೆ.

"ನಾನ್ಯಾಕೆ? ಒಬ್ಬಳೇ ಅಂತ ತಾನೇ ನೀನು ಹೇಳಿದ್ದು? ನಾನು ಹೊರಗೆ ಕೂತಿರ್ತೀನಿ. ಆರು ಗಂಟೆಗೆ ಕರಿ, ಒಟ್ಟಿಗೆ ಹೋಗೋಣ" ಅಂದು, ಮೊಣಕಾಲು ಹಿಡಿದು ಎದ್ದು, ಯಾರಿಗೂ ಕೈ ತಗಲದ ಹಾಗೆ ಮೆಲ್ಲಗೆ ಇಳಿದು ಹೋದರು.

ಕಿಟಕಿಯಿಂದ ನೋಡಿದೆ. ಅತ್ತೆ ಎದುರಿನ ಸಿಮೆಂಟು ಬೆಂಚಿನಲ್ಲಿ ಕೂತರು. ಮೊದಲು ನೆಟ್ಟಗೆ ಕೂತರು, ಆಮೇಲೆ ಒರಗಿಕೊಂಡರು, ಆಮೇಲೆ ಎರಡೂ ಕಾಲು ಬೆಂಚಿನ ಮೇಲೆ ಎತ್ತಿಟ್ಟುಕೊಂಡರು. ಬಂದ ಬಸ್ಸಿನ ಬೋರ್ಡನ್ನೆಲ್ಲ ತುಟಿ ಆಡಿಸುತ್ತಾ ಓದಿದರು. ಮದುವೆಯಾಗಿ ಬಂದ ದಿನದಿಂದ ಅವರು ಕೈಯಲ್ಲಿ ಏನೂ ಇಲ್ಲದೆ, ಯಾರಿಗೂ ಏನೂ ಹೇಳದೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

ಆರು ಗಂಟೆಗೆ ಇಂಜಿನ್ನು ಶುರುವಾಯಿತು. ಕಿಟಕಿಯಿಂದ ತಲೆ ಹಾಕಿ, "ಅತ್ತೇ, ಬನ್ನಿ, ಬಸ್ಸು ಹೊರಟಿತು!" ಅಂತ ಕೂಗಿದೆ.

ಅತ್ತೆ ಏಳಲಿಲ್ಲ. ಅಲ್ಲಿಂದಲೇ ಕೈ ಬೀಸಿ ಕೂಗಿದರು.

"ನೀನು ನಡಿಯೇ! ನಾನು ಮುಂದಿನ ಬಸ್ಸಿಗೆ ಬರ್ತೀನಿ."